ಕೈಯ ಹೊಳಪು, ಮಷೀನಿನ ಹೊಳಪು: ಉದ್ಯಮಬಾಗದಿಂದ ಬಂದ ಪ್ರಶ್ನೆ

ಓದುಗರ ಪ್ರಶ್ನೆ:

"ಸರ್, ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷೀನ್ ಶಾಪ್ ನಡೆಸುತ್ತೇನೆ. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷೀನುಗಳು, ಎರಡು ವಿಎಂಸಿ, ಒಂದು ಸಿಎನ್‌ಸಿ ಲೇತ್ ಇವೆ. ಹೈಡ್ರಾಲಿಕ್ ವಾಲ್ವಿನ ಬಿಡಿಭಾಗ ಮಾಡಿಕೊಡುತ್ತೇವೆ. ಬರುವ ವರ್ಷ ನನಗೆ ಐವತ್ತು ತುಂಬುತ್ತದೆ. ಆ ನೆಪದಲ್ಲಿ ಕೀಲಿ ಕೊಡುವ ಒಂದು ಒಳ್ಳೆಯ ವಾಚ್ ಕೊಳ್ಳೋಣ ಅಂತ ಪುಣೆಯ ಅಂಗಡಿಗೆ ಹೋಗಿದ್ದೆ. ಎರಡು ವಾಚ್ ತೋರಿಸಿದರು. ಎರಡೂ ಸ್ಟೀಲ್, ಎರಡಕ್ಕೂ ಹಿಂದೆ ಗಾಜು, ಒಳಗೆ ಎರಡರಲ್ಲೂ ಪಟ್ಟೆ ಪಟ್ಟೆ ಹೊಳಪು. ಆದರೆ ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟು. ಯಾಕೆಂದು ಕೇಳಿದರೆ, 'ಇದು ಹ್ಯಾಂಡ್ ಫಿನಿಶ್ ಸರ್, ಅದಕ್ಕೇ ಟೈಮ್ ಕರೆಕ್ಟ್, ಬಾಳಿಕೆಯೂ ಜಾಸ್ತಿ' ಎಂದರು. ನನ್ನ ಮಷೀನ್ ಐದು ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಒಳಗೆ ಅಳತೆ ಹಿಡಿಯುತ್ತದೆ. ಯಾವ ಮನುಷ್ಯನ ಕೈ ಹಿಡಿಯುತ್ತದೆ ಹೇಳಿ? ಇದು ಹಳೇ ಕಾಲದ ಸೋಗಿಗೆ ಹಾಕಿದ ಬೆಲೆಯೋ, ನನ್ನ ಕಣ್ಣಿಗೆ ಬೀಳದ್ದು ಏನಾದರೂ ಇದೆಯೋ?

ಇನ್ನೊಂದು ಮಾತು. ನಮ್ಮ ತಂದೆಯವರ ಎಚ್‌ಎಂಟಿ ಜನತಾ ನನ್ನ ಹತ್ತಿರ ಇದೆ. ಅದರ ಒಳಗೆಲ್ಲ ಪಾಲಿಶ್ ಮಾಡಿ, ಸ್ಕ್ರೂಗಳಿಗೆ ನೀಲಿ ಬರಿಸಿ, ಹಿಂದೆ ಗಾಜು ಕೂರಿಸಿ ಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ಮಾಡಿಸಲೇ?"

ಉತ್ತರ:

ಈ ಪ್ರಶ್ನೆ ಕೇಳುವವರಿಗೆ ನಾನು ಸಾಮಾನ್ಯವಾಗಿ ಚಾಂಫರ್ (ಓರೆಯಾಗಿ ಕೆರೆದ ಅಂಚು) ಅಂದರೇನು ಎಂಬಲ್ಲಿಂದ ಶುರು ಮಾಡಬೇಕಾಗುತ್ತದೆ. ನಿಮ್ಮ ಹತ್ತಿರ ಆ ಕಷ್ಟವಿಲ್ಲ, ನೇರ ವಿಷಯಕ್ಕೆ ಬರಬಹುದು. ಒಂದೇ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಖಡೇಬಜಾರಿನಲ್ಲಿ ಕೂತ ನಮ್ಮಂಥ ರಿಪೇರಿಯವರು ವಾಚಿನ ಒಳಗಿರುವುದಕ್ಕೇ 'ಮಷೀನ್' ಅನ್ನುತ್ತೇವೆ. ಹಾಗೆ ಬರೆದರೆ ಇಲ್ಲಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ವಾಚಿನ ಒಳಗಿನದ್ದು ಮೂವ್‌ಮೆಂಟ್, ನಿಮ್ಮ ಶಾಪಿನಲ್ಲಿರುವುದು ಮಷೀನ್ ಎಂದು ಇಟ್ಟುಕೊಳ್ಳೋಣ.

ನಿಮ್ಮ ಚಿಂತೆ ನನಗೆ ತಿಳಿಯಿತು. ದುಡ್ಡು ಹೋಗುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದು ನಿಮಗೆ ಕಷ್ಟ. ಅದರಲ್ಲೂ ದಿನವಿಡೀ ಲೋಹ ಕತ್ತರಿಸುವವರಿಗೆ ಲೋಹದ ವಿಷಯದಲ್ಲೇ ಟೋಪಿ ಹಾಕಿದರೆ ಹೇಗಾಗಬೇಡ!

ಅಂಗಡಿಯವರು ಹೇಳಿದ ಮೊದಲ ಮಾತು ಸುಳ್ಳು. ಹ್ಯಾಂಡ್ ಫಿನಿಶ್‌ನಿಂದ ಟೈಮ್ ಸರಿಯಾಗುವುದಿಲ್ಲ. ವಾಚಿನ ನಡಿಗೆ ನಿಂತಿರುವುದು ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರ, ಅದರ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಮತ್ತು ಅವಕ್ಕೆ ತಳ್ಳು ಕೊಡುವ ಎಸ್ಕೇಪ್‌ಮೆಂಟ್ ಮೇಲೆ. ಎಣ್ಣೆ ಎಷ್ಟು ತಾಜಾ ಇದೆ, ಹೊಂದಿಸಿದವರು ಎಷ್ಟು ತಾಳ್ಮೆಯಿಂದ ಹೊಂದಿಸಿದ್ದಾರೆ ಎಂಬುದೂ ಮುಖ್ಯ. ಬ್ರಿಡ್ಜಿನ (ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ತುಂಡು) ಮೇಲಿನ ಪಟ್ಟೆ ಕೈಯದಾದರೂ ಮಷೀನಿನದಾದರೂ ಹೇರ್‌ಸ್ಪ್ರಿಂಗಿಗೆ ಅದರ ಗೊಡವೆಯೇ ಇಲ್ಲ. ಸ್ವಿಟ್ಜರ್ಲೆಂಡಿನ ಕ್ರೊನೊಮೀಟರ್ ಪರೀಕ್ಷೆಯಲ್ಲಿ ಮೂವ್‌ಮೆಂಟನ್ನು 15 ದಿನ, ಐದು ಭಂಗಿಗಳಲ್ಲಿ, ಮೂರು ತಾಪಮಾನಗಳಲ್ಲಿ ಇಟ್ಟು ನೋಡುತ್ತಾರೆ. ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇದರೊಳಗೆ ಇರಬೇಕು. ಪೂರ್ತಿ ಮಷೀನಿನಲ್ಲೇ ತಯಾರಾಗಿ, ಅಲಂಕಾರವೇ ಇಲ್ಲದ ಮೂವ್‌ಮೆಂಟುಗಳು ಈ ಪರೀಕ್ಷೆಯನ್ನು ರಾಶಿ ರಾಶಿಯಾಗಿ ಪಾಸಾಗುತ್ತವೆ. ಇನ್ನು ಬರೀ ಟೈಮೇ ಬೇಕು ಅಂದರೆ ಸಾವಿರ ರೂಪಾಯಿಯ ಸೆಲ್ ವಾಚ್ ಇವೆಲ್ಲವನ್ನೂ ಸೋಲಿಸುತ್ತದೆ. ಅದನ್ನು ಆ ಅಂಗಡಿಯವರು ಹೇಳುವುದಿಲ್ಲ, ಅಲ್ವಾ?

ಬಾಳಿಕೆಯ ಮಾತಿನಲ್ಲಿ ಮಾತ್ರ ಒಂದೆಳೆ ನಿಜವಿದೆ. ಲೋಹ ಕತ್ತರಿಸಿದಲ್ಲಿ ಬರ್, ಅಂದರೆ ಅಂಚಿನಲ್ಲಿ ಎದ್ದ ಸಣ್ಣ ಚೂರು, ಉಳಿಯುತ್ತದೆ. ಆ ಬರ್ ಉದುರಿ ಹಲ್ಲುಗಳ ನಡುವೆ ಬಿದ್ದರೆ ವಾಚ್ ನಿಲ್ಲುತ್ತದೆ. ಅಂಚು ಕೆರೆಯುವ ಪದ್ಧತಿಯ ಉಪಯೋಗ ಮೊದಲಿಗೆ ಇದೇ. ಇನ್ನೊಂದು ಜಾಗ ಪಿವಟ್, ಅಂದರೆ ಚಕ್ರದ ಅಚ್ಚಿನ ತುದಿ. ಬ್ಯಾಲೆನ್ಸ್ ಚಕ್ರದ ಪಿವಟ್ ಸುಮಾರು 0.1 ಮಿ.ಮೀ. ದಪ್ಪ, ಅಂದರೆ ನಮ್ಮ ತಲೆಗೂದಲಿನ ಲೆಕ್ಕದ್ದು. ಅದರ ಮೈ ನುಣ್ಣಗಿಲ್ಲದಿದ್ದರೆ ಅದು ಕೂರುವ ಕಲ್ಲಿನ ಬೇರಿಂಗ್, ಅಂದರೆ ಜ್ಯುವೆಲ್ಲಿನೊಳಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಹೀಗಾಗಿ ಪಿವಟ್ ಹೊಳಪು ನಿಜಕ್ಕೂ ಕೆಲಸದ ಹೊಳಪು. ಆದರೆ ಇಂದು ಒಳ್ಳೆಯ ಕಾರ್ಖಾನೆಗಳಲ್ಲಿ ಅದನ್ನು ಮಷೀನುಗಳೇ ಚೆನ್ನಾಗಿ ಮಾಡುತ್ತವೆ, ಸಾಧಾರಣ ಬೆಲೆಯ ವಾಚಿಗೂ ಮಾಡುತ್ತವೆ. ಹಿಂದಿನ ಗಾಜಿನಿಂದ ನೋಡಿದರೆ ಅದು ಕಾಣುವುದೂ ಇಲ್ಲ. ನಾಲ್ಕು ಪಟ್ಟು ಬೆಲೆ ಹೋಗುತ್ತಿರುವುದು ಅದಕ್ಕಲ್ಲ.

ಪಟ್ಟೆಗಳು ಧೂಳು ಹಿಡಿದಿಟ್ಟುಕೊಂಡು ಚಕ್ರಗಳನ್ನು ಕಾಪಾಡುತ್ತವೆ ಎಂಬ ಇನ್ನೊಂದು ಮಾತೂ ನಿಮ್ಮ ಕಿವಿಗೆ ಬೀಳಬಹುದು. ಕೇಸಿಗೆ ಗ್ಯಾಸ್ಕೆಟ್ ಇಲ್ಲದ ಕಾಲಕ್ಕೆ ಹೇಳಿದ ಮಾತದು. ನಾನು ಬಿಚ್ಚಿದ ವಾಚುಗಳಲ್ಲಿ ಧೂಳು ಎಣ್ಣೆಗೆ ಅಂಟಿಕೊಂಡಿರುತ್ತದೆ, ಪಟ್ಟೆಗೆ ಅಂಟಿದ್ದು ಕಂಡಿಲ್ಲ.

ಹಾಗಾದರೆ ಕೈ ಎಲ್ಲಿದೆ? ಜಾಹೀರಾತು ತೋರಿಸುವ ಜಾಗದಲ್ಲಿ ಅಲ್ಲ.

ಗಡಿಯಾರ ಕಂಪನಿ ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಪ್ಲೇಟು (ಮೂವ್‌ಮೆಂಟಿನ ತಳಹಲಗೆ), ಬ್ರಿಡ್ಜುಗಳು ಹುಟ್ಟುವುದು ನಿಮ್ಮ ಶಾಪಿನಲ್ಲಿರುವಂಥ ಸಿಎನ್‌ಸಿಯಲ್ಲೇ. ಕರೆಂಟು ಹರಿಯುವ ತಂತಿಯಿಂದ ಕತ್ತರಿಸುವ ವೈರ್‌ಕಟ್ಟೂ ಇರುತ್ತದೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಪೂರ್ತಿ ಕೈಯಿಂದಲೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಗ್ರೊಬೆಲ್ ಫೋರ್ಸಿ ಕಂಪನಿ 2019ರಲ್ಲಿ ಹಾಗೊಂದು ವಾಚ್ ತಂದಿತು. ಶೇ. 95ರಷ್ಟು ಭಾಗಗಳು ಕೈಯಿಂದ ನಡೆಸುವ ಸಲಕರಣೆಗಳಲ್ಲೇ ತಯಾರಾದವು, ಒಂದೊಂದು ವಾಚಿಗೆ 6,000 ಗಂಟೆ ಹಿಡಿಯುತ್ತದೆ ಎಂಬುದು ಕಂಪನಿಯ ಮಾತು. ಹಾಗಾದರೆ ಉಳಿದವರು ಎಷ್ಟು ಕೈಯಿಂದ ಮಾಡುತ್ತಾರೆ ಎಂದು ನೀವೇ ಅಂದಾಜು ಹಾಕಿ.

ನಿಮಗೆ ಕಂಡ ಪಟ್ಟೆಗಳ ಹೆಸರು ಜಿನೀವಾ ಪಟ್ಟೆ. ಉಜ್ಜುವ ಚಕ್ರವೊಂದು ತಿರುಗುತ್ತಿರುತ್ತದೆ, ಅದರ ಕೆಳಗೆ ಬ್ರಿಡ್ಜನ್ನು ಸರಿಸುತ್ತಾರೆ, ಸಾಲು ಮೂಡುತ್ತದೆ. ಒಂದೆಡೆ ಆ ಸರಿಸುವ ಹಿಡಿ ಮನುಷ್ಯನ ಕೈಯಲ್ಲಿರುತ್ತದೆ, ಇನ್ನೊಂದೆಡೆ ಪ್ರೋಗ್ರಾಮಿನಲ್ಲಿ. ಪ್ಲೇಟಿನ ಮೇಲಿನ ವೃತ್ತ ವೃತ್ತದ ಕೆಲಸವೂ ಅಷ್ಟೇ. ಸಣ್ಣ ಡ್ರಿಲ್ ಮಷೀನಿಗೆ ಉಜ್ಜುವ ಕಡ್ಡಿ ಸಿಕ್ಕಿಸಿ ಒಂದರ ಮೇಲೊಂದು ಮುಟ್ಟಿಸುತ್ತಾ ಹೋಗುವುದು. ಎರಡನ್ನೂ ಕೈಗೆಲಸ ಎಂದು ಕರೆದರೆ ಪೂರ್ತಿ ಸುಳ್ಳಾಗುವುದಿಲ್ಲ, ಪೂರ್ತಿ ನಿಜವೂ ಆಗುವುದಿಲ್ಲ. ಅಗ್ಗದ ಮೂವ್‌ಮೆಂಟುಗಳಲ್ಲಂತೂ ಪಟ್ಟೆಯನ್ನು ಅಚ್ಚೊತ್ತಿಯೇ ಬಿಟ್ಟಿರುತ್ತಾರೆ. ಆದ್ದರಿಂದ ಎರಡು ವಾಚಿನಲ್ಲೂ ಪಟ್ಟೆ ಇದೆ ಎಂದು ನೀವು ಬರೆದಿದ್ದು ಸರಿ, ಆದರೆ ನೋಡಬೇಕಾದ ಜಾಗ ಪಟ್ಟೆಯಲ್ಲ.

ಅಂಚು ನೋಡಿ. ಬ್ರಿಡ್ಜಿನ ಮೇಲ್ಮೈ ಮತ್ತು ಪಕ್ಕದ ಗೋಡೆ ಕೂಡುವಲ್ಲಿ 45 ಡಿಗ್ರಿಯ ಚಾಂಫರ್ ಇರುತ್ತದೆ. ಸ್ವಿಸ್ಸಿನವರು ಇದಕ್ಕೆ ಆಂಗ್ಲಾಜ್ ಅನ್ನುತ್ತಾರೆ. ಮಷೀನಿನಲ್ಲಿ ವಜ್ರದ ಮೊನೆಯ ಕಟ್ಟರ್ ಹಾಕಿದರೆ ಈ ಅಂಚು ಒಂದೇ ಏಟಿಗೆ ಹೊಳೆಯುತ್ತದೆ, ಅಗಲವೂ ಎಲ್ಲ ಕಡೆ ಒಂದೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿದರೆ ಕಟ್ಟರ್ ನಡೆದ ಗೆರೆಗಳು ಸಾಲಾಗಿ ಕಾಣುತ್ತವೆ. ಈ ಗೆರೆ ನಿಮಗೆ ಹೊಸದೇನಲ್ಲ, ದಿನಾ ನೋಡುತ್ತೀರಿ. ಕೈಯಿಂದ ಮಾಡುವವರು ಸಣ್ಣ ಅರದಿಂದ ಅಂಚು ತೆಗೆದು, ಕಲ್ಲಿನಿಂದ ಗೆರೆ ಅಳಿಸಿ, ಕೊನೆಗೆ ಮರದ ಕಡ್ಡಿಗೆ ವಜ್ರದ ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಆ ಕಡ್ಡಿ ಸುಮ್ನೆ ಯಾವುದೋ ಕಡ್ಡಿಯಲ್ಲ. ಜೂರಾ ಬೆಟ್ಟಗಳಲ್ಲಿ ಬೆಳೆಯುವ ಜೆನ್ಷಿಯನ್ ಎಂಬ ಗಿಡದ ಒಣಗಿದ ಕಾಂಡ. ಒಳಗೆ ಮೆತ್ತಗೆ, ಪೇಸ್ಟ್ ಚೆನ್ನಾಗಿ ಹಿಡಿಯುತ್ತದೆ. ಮನೆ ಹಿತ್ತಲಿನ ಗಿಡದಿಂದ ಲಕ್ಷಾಂತರ ರೂಪಾಯಿಯ ವಾಚಿಗೆ ಹೊಳಪು ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಜೋಳದ ದಂಟಿನಲ್ಲಿ ನಾನೂ ಒಮ್ಮೆ ಪ್ರಯತ್ನಿಸಿದೆ. ಪುಡಿಯಾಗಿ ಹೋಯಿತು.

ಈಗ ಒಳಮೂಲೆ. ನಿಮ್ಮ ಎಂಡ್‌ಮಿಲ್, ಅಂದರೆ ತಿರುಗುವ ಕಟ್ಟರ್, ಉರುಟಾಗಿದೆ, ಒಳಮೂಲೆಯಲ್ಲಿ ತನ್ನ ರೇಡಿಯಸ್ (ದುಂಡು) ಬಿಟ್ಟೇ ಬರುತ್ತದೆ. 0.25 ಮಿ.ಮೀ. ತಂತಿಯ ವೈರ್‌ಕಟ್ ಹಾಕಿದರೂ ಸ್ವಲ್ಪ ರೇಡಿಯಸ್ ಉಳಿಯುತ್ತದೆ. ಒಳಮೂಲೆ ಪೂರ್ತಿ ಚೂಪಾಗಿರಲಿ ಎಂದು ಡ್ರಾಯಿಂಗಿನಲ್ಲಿ ಬರೆದ ಗಿರಾಕಿಯ ಜೊತೆ ಫೋನಿನಲ್ಲಿ ಜಗಳ ಆಡದ ಮಷೀನ್ ಶಾಪಿನವರನ್ನು ನಾನು ನೋಡಿಲ್ಲ. ವಾಚಿನಲ್ಲಿ ಬ್ರಿಡ್ಜಿನ ಎರಡು ಅಂಚುಗಳು ಒಳಕ್ಕೆ ಬಂದು ಕೂಡುವ ಕಡೆ, ಎರಡು ಚಾಂಫರುಗಳೂ ಒಂದು ಕೂದಲಿನಂಥ ಗೆರೆಯಲ್ಲಿ ಸೇರಬೇಕು, ಎರಡೂ ಕನ್ನಡಿಯಂತೆ ಹೊಳೆಯಬೇಕು. ಇಲ್ಲಿ ಕೈ ಬೇಕು.

ಮಷೀನಿಗೆ ಇದು ಆಗುವುದೇ ಇಲ್ಲ ಎಂದು ಬಹಳ ಜನ ಬರೆಯುತ್ತಾರೆ. ಅದೂ ಅರ್ಧ ಸತ್ಯ. ಚೂಪು ಮೊನೆಯ ಟೂಲನ್ನು ಮೂಲೆಗೆ ಒಯ್ಯುತ್ತಾ ಮೇಲಕ್ಕೆತ್ತಿದರೆ ಚೂಪು ಗೆರೆ ಬರುತ್ತದೆ, ಅಕ್ಷರ ಕೊರೆಯುವವರಿಗೆ ಇದು ಗೊತ್ತು. ಕತ್ತರಿಸಬಹುದು, ಕತ್ತರಿಸಿದ ಗೆರೆ ಅಳಿಸುವುದು ಕಷ್ಟ. ತಿರುಗುವ ಪಾಲಿಶ್ ಬಟ್ಟೆಯೋ ಬ್ರಶ್ಶೋ ಆ ಮೂಲೆಗೆ ಹೋದ ಕೂಡಲೇ ಚೂಪನ್ನು ತಿಂದುಬಿಡುತ್ತದೆ. ಮೂಲೆಯ ತನಕ ಬಂದು, ಕೂದಲಿನಷ್ಟು ದೂರದಲ್ಲಿ ನಿಲ್ಲಿಸಿ, ಆಚೆ ಕಡೆಯಿಂದ ಮತ್ತೆ ಶುರು ಮಾಡುವುದು ಬೆರಳಿನ ಕೆಲಸ. ಒಂದು ಬ್ರಿಡ್ಜಿನ ಅಂಚಿಗೇ ಗಂಟೆಗಟ್ಟಲೆ ಹಿಡಿಯುತ್ತದೆ. ಕೊನೆಯಲ್ಲಿ ಕಡ್ಡಿ ಜಾರಿದರೆ ಆ ಬ್ರಿಡ್ಜು ಬುಟ್ಟಿಗೆ. ಬೆಲೆ ಏರುವುದು ಇಲ್ಲಿ.

ಉಕ್ಕಿನ ಭಾಗಗಳಲ್ಲಿ ಕಪ್ಪು ಪಾಲಿಶ್ ಎಂಬುದೊಂದಿದೆ. ತವರ ಅಥವಾ ಸತುವಿನ ಚಪ್ಪಟೆ ತುಂಡಿನ ಮೇಲೆ ವಜ್ರದ ಪೇಸ್ಟ್ ಹಚ್ಚಿ ಉಕ್ಕಿನ ಮುಖ ಉಜ್ಜುತ್ತಾರೆ. ನಿಮ್ಮ ಲ್ಯಾಪಿಂಗಿನ (ಚಪ್ಪಟೆ ಮಾಡಲು ಉಜ್ಜುವ ಕೆಲಸ) ಅಣ್ಣ ಅಂದುಕೊಳ್ಳಿ. ಸರಿಯಾಗಿ ಬಂದರೆ ಮೇಲ್ಮೈ ಎಷ್ಟು ಚಪ್ಪಟೆ ಆಗುತ್ತದೆ ಅಂದರೆ ಒಂದು ಕೋನದಲ್ಲಿ ಬೆಳ್ಳಗೆ ಕಣ್ಣು ಕುಕ್ಕುತ್ತದೆ, ಚೂರು ತಿರುಗಿಸಿದರೆ ಪೂರ್ತಿ ಕಪ್ಪು. ನಡುವಿನ ಬೂದು ಬಣ್ಣವೇ ಇರುವುದಿಲ್ಲ. ಸ್ಕ್ರೂ ತಲೆ, ವೇಗ ಹೊಂದಿಸುವ ರೆಗ್ಯುಲೇಟರಿನ ಮೇಲೆ ಇದನ್ನು ಹುಡುಕಿ.

ಐದು ಮೈಕ್ರಾನ್ ಬಗ್ಗೆ ಒಂದು ಮಾತು. ನಿಮ್ಮ ವಾದ ಅಳತೆಯ ವಾದ, ಅದರಲ್ಲಿ ನೀವು ಗೆದ್ದಿರಿ. ಈ ಕೆಲಸವನ್ನು ಮೈಕ್ರೋಮೀಟರಿನಲ್ಲಿ ನೋಡುವುದಿಲ್ಲ, ದೀಪದ ಕೆಳಗೆ ತಿರುಗಿಸಿ ನೋಡುತ್ತಾರೆ. ಕಟ್ಟರಿನ ಚಾಂಫರ್ ಚಪ್ಪಟೆ, ಒಂದೇ ಕೋನದಲ್ಲಿ ಫಕ್ಕನೆ ಮಿಂಚಿ ಆರುತ್ತದೆ. ಕೈಯ ಚಾಂಫರ್ ಚೂರು ಉಬ್ಬಿರುತ್ತದೆ, ವಾಚ್ ತಿರುಗಿಸಿದಂತೆ ಬೆಳಕು ಅಂಚಿನ ಉದ್ದಕ್ಕೂ ಹರಿದು ಹೋಗುತ್ತದೆ. ಫಿಲಿಪ್ ದುಫೂರ್ ಎಂಬ ಸ್ವಿಸ್ ಕುಶಲಿಗರು 2000ದಲ್ಲಿ ಸಿಂಪ್ಲಿಸಿಟಿ ಎಂಬ ವಾಚ್ ತಂದರು. ಹೆಸರಿಗೆ ತಕ್ಕಂತೆ ಗಂಟೆ, ನಿಮಿಷ, ಸೆಕೆಂಡು, ಅಷ್ಟೇ. ಮಾಡಿದ್ದು ಸುಮಾರು ಇನ್ನೂರು. ಅದರ ಬ್ರಿಡ್ಜುಗಳ ಫೋಟೊ ದೊಡ್ಡದು ಮಾಡಿ ನೋಡಿ, ನಾನು ಹೇಳುತ್ತಿರುವುದು ಗೊತ್ತಾಗುತ್ತದೆ. ಈ ಮಾತಿಗೆ ಅಳತೆಗೋಲು ಯಾರಾದರೂ ಇದ್ದರೆ ಅವರೇ.

ಹಾಗಂತ ಕೈಯದ್ದೆಲ್ಲ ಚಿನ್ನವಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಎಳೆದ ಅಂಚುಗಳನ್ನೂ ದುಬಾರಿ ವಾಚಿನಲ್ಲಿ ಕಂಡಿದ್ದೇನೆ. ಅದಕ್ಕಿಂತ ಮಷೀನಿನ ನೀಟಾದ ಅಂಚು ಎಷ್ಟೋ ಮೇಲು. ಇನ್ನೊಂದು ಚಾಲಾಕಿಯಿದೆ. ಗಾಜಿನಿಂದ ಕಾಣುವ ಜಾಗದಲ್ಲಿ ಒಂದೋ ಎರಡೋ ಚೂಪು ಒಳಮೂಲೆ ಮಾಡಿ, ಉಳಿದ ಮೂಲೆಗಳನ್ನೆಲ್ಲ ಉರುಟಾಗಿ ಡಿಸೈನ್ ಮಾಡಿಬಿಡುವುದು. ಉರುಟು ಮೂಲೆಗೆ ಕೈ ಬೇಕಿಲ್ಲವಲ್ಲ! 'ಸ್ವಿಸ್ ಮೇಡ್' ಎಂದು ಬರೆಯಲು ಕಾನೂನಿದೆ, 2017ರಿಂದ ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ಶೇ. 60 ಅಲ್ಲೇ ಆಗಿರಬೇಕು. 'ಹ್ಯಾಂಡ್ ಫಿನಿಶ್' ಎಂಬುದಕ್ಕೆ ಅಂಥ ಗಡಿ ಹಾಕಿಲ್ಲ. ಹತ್ತಿರದ ಭರವಸೆ ಅಂದರೆ 1886ರಿಂದ ಇರುವ ಜಿನೀವಾ ಮುದ್ರೆ. ಅಂಚು, ಸ್ಕ್ರೂ, ಉಕ್ಕಿನ ಭಾಗ ಹೇಗಿರಬೇಕು ಎಂದು ಅದರ ನಿಯಮ ಹೇಳುತ್ತದೆ. ಪಾಟೆಕ್ ಫಿಲಿಪ್ ಕಂಪನಿ 2009ರಲ್ಲಿ ಅದನ್ನು ಬಿಟ್ಟು ತನ್ನದೇ ಮುದ್ರೆ ಮಾಡಿಕೊಂಡಿತು. ಮುದ್ರೆ ಇಲ್ಲದ್ದು ಕೀಳು ಎಂದೇನಲ್ಲ, ಅದೆಲ್ಲ ಜಿನೀವಾ ಪ್ರದೇಶದ ಒಳಗಿನ ಮಾತು. ಜರ್ಮನಿಯ ಲಾಂಗೆ ಕಂಪನಿಗೆ ಅದು ಸಿಗುವುದೇ ಇಲ್ಲ, ಆದರೂ ಅವರ ಕೈಕೆತ್ತನೆಯ ಬ್ಯಾಲೆನ್ಸ್ ಕಾಕ್ (ಬ್ಯಾಲೆನ್ಸ್ ಚಕ್ರವನ್ನು ಹಿಡಿದಿಡುವ ಬ್ರಿಡ್ಜು) ನೋಡಿದರೆ ಬಾಯಿ ಮುಚ್ಚುತ್ತದೆ.

ಹಾಗಾಗಿ ಅಂಗಡಿಯಲ್ಲಿ 'ಹ್ಯಾಂಡ್ ಫಿನಿಶ್ ಹೌದಾ' ಎಂದು ಕೇಳಬೇಡಿ. ಯಾವ ಭಾಗಕ್ಕೆ ಯಾವ ಕೆಲಸ ಕೈಯಲ್ಲಿ ಆಗಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಲೂಪ್ ತೆಗೆಯಿರಿ.

ಕೊಳ್ಳುವ ವಿಷಯ. ಅಗ್ಗದ್ದನ್ನು ಕೊಂಡರೆ ಟೈಮಿನಲ್ಲಿ, ಬಾಳಿಕೆಯಲ್ಲಿ ನೀವು ಕಳೆದುಕೊಳ್ಳುವುದು ಹೆಚ್ಚುಕಮ್ಮಿ ಏನೂ ಇಲ್ಲ. ಸರ್ವಿಸ್ ಸುಲಭ, ಭಾಗ ಸಿಗುತ್ತವೆ. ಅಪಾಯ ಅಂದರೆ ಒಂದೇ, ಎರಡು ವರ್ಷಕ್ಕೆ ನಿಮಗೇ ಬೇಜಾರಾಗಬಹುದು. ದಿನಾ ಶಾಪಿನಲ್ಲಿ ನೋಡುವ ಕಟ್ಟರಿನ ಗೆರೆಯನ್ನೇ ಕೈಗೂ ಕಟ್ಟಿಕೊಂಡಂತಾಗುತ್ತದೆ. ದುಬಾರಿಯದ್ದನ್ನು ಕೊಂಡರೆ ಅಪಾಯ ಬೇರೆ. ಐದಾರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಬ್ರಿಡ್ಜಿನ ಮೇಲೆ ಒಂದು ಗೀಟು ಬಿದ್ದರೆ ಮುಗಿಯಿತು. ಪಟ್ಟೆ ಕೆಲವೇ ಮೈಕ್ರಾನ್ ಆಳ, ಅದರ ಮೇಲೆ ಸಾಮಾನ್ಯವಾಗಿ ರೋಡಿಯಂ ಎಂಬ ಲೋಹದ ಲೇಪ. ಆ ಗೀಟು ತೆಗೆಯಲು ಹೋದರೆ ಎಲ್ಲ ಹೋಗುತ್ತದೆ. ಅಂಥ ವಾಚನ್ನು ನನ್ನ ಟೇಬಲ್ಲಿಗೆ ತಂದರೆ ನಾನು ಕೈಮುಗಿದು ಕಂಪನಿಗೇ ಕಳಿಸುತ್ತೇನೆ. ಹೋಗಿ ಬರಲು ತಿಂಗಳುಗಟ್ಟಲೆ ಆಗಬಹುದು, ಖರ್ಚೂ ದೊಡ್ಡದು. ಆ ಖರ್ಚನ್ನು ಇವತ್ತೇ ಬೆಲೆಯೊಳಗೆ ಸೇರಿಸಿ ಲೆಕ್ಕ ಹಾಕಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವ ಆಸೆ ಬಂದರೆ ಮೊದಲು ಸ್ಕ್ರೂ ಸೀಳುಗಳನ್ನು ನೋಡಿ. ಸೀಳಿನ ಬಾಯಿ ಕಿತ್ತುಹೋಗಿದ್ದರೆ ಯಾರೋ ನಮ್ಮಂಥವರು ಒಳಗೆ ಕೈ ಹಾಕಿದ್ದಾರೆ ಎಂದರ್ಥ.

ತಂದೆಯವರ ಜನತಾ ವಿಷಯದಲ್ಲಿ ಮಾತ್ರ ಇಷ್ಟು ಉದ್ದದ ಉತ್ತರ ಬೇಕಿಲ್ಲ. ಮಾಡಿಸಬೇಡಿ.

ಹೀಗೆ ಹೇಳಲು ನನಗೊಂದು ಹಳೆಯ ಕಾರಣವೂ ಇದೆ. ಕೆಲಸ ಕಲಿಯುತ್ತಿದ್ದಾಗ ಗಿರಾಕಿಯೊಬ್ಬರ ವಾಚಿನ ಬ್ರಿಡ್ಜು ಮಂಕಾಗಿದೆ ಎಂದು ಯಾರನ್ನೂ ಕೇಳದೆ ಬಫಿಂಗ್ ಚಕ್ರಕ್ಕೆ ಹಿಡಿದೆ. ಎರಡು ನಿಮಿಷ. ಥಳಥಳ ಹೊಳೆಯಿತು. ಹೆಮ್ಮೆಯಿಂದ ಒಯ್ದು ತೋರಿಸಿದೆ. ನನ್ನ ಗುರುಗಳು ಲೂಪ್ ಹಾಕಿಕೊಂಡು ನೋಡಿ, "ಹೊಳಪೇನೋ ಬಂತಲೇ ತಮ್ಮಾ, ಅಕ್ಷರ ಎಲ್ಲಿ ಹೋದುವು?" ಎಂದರು. ಕೊರೆದ ಅಕ್ಷರ ಅರ್ಧ ಸವೆದಿತ್ತು, ಅಂಚುಗಳು ಸಾಬೂನಿನ ಹಾಗೆ ಉರುಟಾಗಿದ್ದವು, ಲೇಪ ಹೋಗಿ ಹಿತ್ತಾಳೆ ಇಣುಕುತ್ತಿತ್ತು. ಗಿರಾಕಿಗೆ ಅವರೇ ಬೇರೆ ಬ್ರಿಡ್ಜು ಹುಡುಕಿ ಹಾಕಿಕೊಟ್ಟರು. ನನಗೆ ಆ ತಿಂಗಳು ಪಗಾರ ಇರಲಿಲ್ಲ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಶುರು ಮಾಡಿತು. ಜನತಾ ಒಳಗಿರುವುದು 17 ಜ್ಯುವೆಲ್ಲಿನ, ಗಂಟೆಗೆ 18,000 ಬಡಿತದ ನೆಟ್ಟಗಿನ ಮೂವ್‌ಮೆಂಟ್. ಅಲಂಕಾರ ಅದರ ಉದ್ದೇಶವೇ ಆಗಿರಲಿಲ್ಲ. ಎಣ್ಣೆ ಹಾಕಿದರೆ ನಡೆಯುತ್ತದೆ, ಅದೇ ಅದರ ಚಂದ. ನೀಲಿ ಸ್ಕ್ರೂ ಅಂದರೆ ಉಕ್ಕನ್ನು ಸುಮಾರು 300 ಡಿಗ್ರಿಗೆ ನಿಧಾನ ಕಾಯಿಸಿ ಬಣ್ಣ ತಿರುಗಿಸುವುದು. ತಲೆಯ ಮೇಲ್ಮೈ ಮೊದಲೇ ಕನ್ನಡಿಯಾಗಿರದಿದ್ದರೆ ಮಚ್ಚೆ ಮಚ್ಚೆ ಬರುತ್ತದೆ. ಅದಕ್ಕೆ ಬಹಳ ಜನ ಕೆಮಿಕಲ್ಲಿನಲ್ಲೋ ಬಣ್ಣದಲ್ಲೋ ಅದ್ದಿ ಕೊಡುತ್ತಾರೆ. ಹಿಂದೆ ಗಾಜು ಹಾಕಿಸಿದರೆ ಮೂಲ ಮುಚ್ಚಳ ಹೋಗುತ್ತದೆ, ಹೊಸದು ಬಿಗಿಯಾಗಿ ಕೂರದಿದ್ದರೆ ಬೆವರು ಒಳಗೆ. ಎಚ್‌ಎಂಟಿ ವಾಚ್ ವಿಭಾಗ ಮುಚ್ಚುವ ತೀರ್ಮಾನವಾಗಿದ್ದು 2016ರಲ್ಲಿ. ಒಳ್ಳೆಯ ಮೂಲ ಭಾಗ ಇನ್ನು ವರ್ಷ ವರ್ಷಕ್ಕೆ ಕಮ್ಮಿಯಾಗುವುದೇ. ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ, ಟೈಮ್ ಹೊಂದಿಸಿಕೊಳ್ಳಿ. ಡಯಲ್ ಮೇಲಿನ ಕಲೆ ಇದ್ದರೆ ಇರಲಿ.

ಪುಣೆಗೆ ಮತ್ತೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಶಾಪಿನಲ್ಲೇ ಹಿತ್ತಾಳೆಯ ಒಂದು ತುಂಡನ್ನು ಇಂಗ್ಲಿಷಿನ ಎಲ್ ಆಕಾರಕ್ಕೆ ಕತ್ತರಿಸಿ, ಒಳಮೂಲೆಯನ್ನು ಸಣ್ಣ ಅರದಿಂದ ಚೂಪು ಮಾಡಿ. ಅರ್ಧ ಮಿ.ಮೀ. ಚಾಂಫರ್ ತೆಗೆಯಿರಿ. ಡೈ ಪಾಲಿಶ್ ಮಾಡುವವರ ಹತ್ತಿರ ವಜ್ರದ ಪೇಸ್ಟ್ ಸಿಗುತ್ತದೆ, ಮೊದಲು 6 ಮೈಕ್ರಾನ್, ಆಮೇಲೆ 3, ಕೊನೆಗೆ 1. ಬಿದಿರಿನ ಕಡ್ಡಿ ಸಾಕು. ಒಂದು ಭಾನುವಾರ ಕೂತು ಆ ಒಂದು ಮೂಲೆಯನ್ನು ಹೊಳೆಸಿ ನೋಡಿ. ಸಂಜೆ ಹೊತ್ತಿಗೆ ಸಿಟ್ಟು ಬಂದು ತುಂಡು ಎಸೆದರೆ ಅಗ್ಗದ ವಾಚ್ ತೆಗೆದುಕೊಳ್ಳಿ. ಸೋಮವಾರವೂ ಅದನ್ನೇ ಹಿಡಿದು ಕೂತರೆ ಇನ್ನೊಂದಕ್ಕೆ ದುಡ್ಡು ಹೊಂದಿಸಿ. ಜನತಾ ಸರ್ವಿಸಿಗೆ ತರುವಾಗ ಆ ತುಂಡನ್ನೂ ತನ್ನಿ, ಲೂಪ್ ಹಾಕಿ ನೋಡೋಣ.